ಚಿಹ್ನೆ ಬದಲಿಸಿದ ಮಾತ್ರಕ್ಕೆ ಲಂಬವಾಗುವುದಿಲ್ಲ

ಕಳೆದ ತಿಂಗಳು ಅಕ್ಕನ ಮಗಳು ಪ್ರಥಮ ಪಿಯುಸಿಯ ಕಿರುಪರೀಕ್ಷೆಯೊಂದರ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. 2ಕ್ಷ − 3ಯ + 6 = 0 ಎಂಬ ರೇಖೆಗೆ ಲಂಬವಾಗಿದ್ದು, (4, −1) ಎಂಬ ಬಿಂದುವಿನ ಮೂಲಕ ಹಾದುಹೋಗುವ ಸರಳರೇಖೆಯ ಸಮೀಕರಣವನ್ನು ಕಂಡುಹಿಡಿಯಬೇಕೆಂಬುದು ಪ್ರಶ್ನೆ. ಅವಳು ಅರ್ಧ ಪುಟದಷ್ಟು ಅಚ್ಚುಕಟ್ಟಾಗಿ ಲೆಕ್ಕ ಮಾಡಿ, ಕೊನೆಯಲ್ಲಿ 2ಕ್ಷ + 3ಯ − 5 = 0 ಎಂದು ಬರೆದು, ಅದರ ಸುತ್ತ ಸ್ಕೇಲು ಇಟ್ಟು ಚೌಕ ಹಾಕಿದ್ದಳು. ಆ ಚೌಕದ ಮೇಲೆ ಕೆಂಪು ಶಾಯಿಯ ಒಂದು ಗೆರೆ ಹಾದುಹೋಗಿತ್ತೇ ಹೊರತು, ತಪ್ಪು ಎಲ್ಲಿ ಎಂಬುದಕ್ಕೆ ಒಂದು ಅಕ್ಷರದ ವಿವರಣೆಯೂ ಇರಲಿಲ್ಲ. “ಚಿಕ್ಕಮ್ಮಾ, ಲಂಬ ಅಂದರೆ ಚಿಹ್ನೆ ಬದಲಾಗಬೇಕು ತಾನೇ? ಬದಲಾಯಿಸಿದ್ದೀನಲ್ಲ” ಎಂದು ಅವಳು ಕೇಳಿದಾಗ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗಣಿತ ಪಾಠ ಮಾಡಿದ ನನಗೆ ಆ ಪ್ರಶ್ನೆ ಹೊಸದೇನಾಗಿರಲಿಲ್ಲ. ಪ್ರತಿ ವರ್ಷವೂ ತರಗತಿಯ ಯಾವುದೋ ಮೂಲೆಯಿಂದ ಇದೇ ಮಾತು ಕೇಳಿಬರುತ್ತಿತ್ತು. ಅವಳಿಗೆ ಅಂದು ಸಂಜೆ ನಾನು ತೋರಿಸಿದ್ದನ್ನು, ಆ ಗೆರೆಯ ಪಕ್ಕದಲ್ಲಿ ಇರಬೇಕಾಗಿದ್ದ ವಿವರಣೆ ಎಂದುಕೊಂಡು, ಇಲ್ಲಿ ಸಾವಕಾಶವಾಗಿ ಬರೆದಿಡುತ್ತಿದ್ದೇನೆ.

ಮೊದಲು ಅಕ್ಷರಗಳ ಬಗ್ಗೆ ಒಂದು ಮಾತು. ಅಡ್ಡ ಅಕ್ಷದ ಮೇಲಿನ ಅಳತೆಯನ್ನು ‘ಕ್ಷ’ ಎಂದೂ ನೆಟ್ಟನೆಯ ಅಕ್ಷದ ಮೇಲಿನ ಅಳತೆಯನ್ನು ‘ಯ’ ಎಂದೂ ಬರೆಯುತ್ತೇನೆ. ಶಾಲೆಯಲ್ಲಿ ಎಕ್ಸ್, ವೈ ಎಂದು ಕಲಿತವರು ಹಾಗೆಯೇ ಓದಿಕೊಳ್ಳಬಹುದು. ರೇಖೆಯ ಮೇಲೆ ಅಡ್ಡಕ್ಕೆ ಒಂದು ಮನೆ ಸರಿದಾಗ ಮೇಲಕ್ಕೆ ಎಷ್ಟು ಮನೆ ಏರುತ್ತೇವೆ ಎಂಬುದು ಇಳಿಜಾರು, ಅಂದರೆ ಮಕ್ಕಳ ಬಾಯಲ್ಲಿ ಸ್ಲೋಪ್. ‘ಮನೆ’ ಎಂದರೆ ಗ್ರಾಫ್ ಹಾಳೆಯ ಚೌಕ. ಚೌಕಾಬಾರ ಆಡಿ ಬೆಳೆದ ನನಗೆ ಬೇರೆ ಪದ ಹೊಂದುವುದಿಲ್ಲ.

ತಪ್ಪನ್ನು ಮಾತಿನಲ್ಲಿ ಹೇಳುವ ಬದಲು ನಾವಿಬ್ಬರೂ ಗ್ರಾಫ್ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಕೊಟ್ಟಿರುವ ರೇಖೆ (−3, 0), (0, 2), (3, 4) ಎಂಬ ಬಿಂದುಗಳ ಮೂಲಕ ಹೋಗುತ್ತದೆ. ಬಲಕ್ಕೆ ಮೂರು ಮನೆ ನಡೆದರೆ ಮೇಲಕ್ಕೆ ಎರಡು ಮನೆ. ಅವಳ ಉತ್ತರದ ರೇಖೆ (4, −1), (1, 1), (−2, 3) ಎಂಬ ಬಿಂದುಗಳ ಮೂಲಕ ಹೋಗುತ್ತದೆ. ಎಡಕ್ಕೆ ಮೂರು ಮನೆ ನಡೆದರೆ ಮೇಲಕ್ಕೆ ಎರಡು ಮನೆ. ಎರಡನ್ನೂ ಪೆನ್ಸಿಲಿನಿಂದ ಎಳೆದು, ಅವು ಸೇರುವ ಕಡೆ ಸೆಟ್ ಸ್ಕ್ವೇರಿನ ಮೂಲೆಯನ್ನು ಇಟ್ಟು ನೋಡು ಎಂದೆ. ಮೂಲೆ ಕೂರಲಿಲ್ಲ. ರೇಖೆಗಳ ನಡುವಿನ ಕೋನ 67 ಡಿಗ್ರಿಗಿಂತ ಸ್ವಲ್ಪವಷ್ಟೇ ಹೆಚ್ಚಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಕನ್ನಡಿ ಥರ ಇದೆಯಲ್ಲ” ಎಂದಳು. ಇಡೀ ಪಾಠ ಆ ಮಾತಿನಲ್ಲಿಯೇ ಇದೆ ಎಂದು ನನಗೆ ಆಗ ಅನ್ನಿಸಿತು.

ಇಳಿಜಾರಿನ ಚಿಹ್ನೆಯನ್ನು ಮಾತ್ರ ಬದಲಿಸಿದರೆ ರೇಖೆಯ ಓರೆಯು ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಬಲಕ್ಕೆ ಏರುತ್ತಿದ್ದದ್ದು ಅಷ್ಟೇ ಓರೆಯಲ್ಲಿ ಎಡಕ್ಕೆ ಏರುತ್ತದೆ. ಇನ್ನು ಕೆಲವು ಮಕ್ಕಳು ಇದಕ್ಕೆ ತದ್ವಿರುದ್ಧವಾದ ತಪ್ಪನ್ನು ಮಾಡುತ್ತಾರೆ: ಮೂರರಲ್ಲಿ ಎರಡನ್ನು ತಲೆಕೆಳಗು ಮಾಡಿ ಎರಡರಲ್ಲಿ ಮೂರು ಎಂದು ಬರೆದು, ಚಿಹ್ನೆಯನ್ನು ಮರೆಯುತ್ತಾರೆ. ಅದೂ ಒಂದು ಕನ್ನಡಿಯೇ, ಆದರೆ ಈ ಕನ್ನಡಿ ನೆಟ್ಟಗೆ ನಿಂತಿರದೆ, ಎರಡು ಅಕ್ಷಗಳ ನಡುವೆ 45 ಡಿಗ್ರಿಯಲ್ಲಿ ಓರೆಯಾಗಿ ನಿಂತಿರುತ್ತದೆ. ಅದರಲ್ಲಿ ಅಡ್ಡ ನಡೆ ಏರಾಗಿಯೂ ಏರು ಅಡ್ಡ ನಡೆಯಾಗಿಯೂ ಕಾಣುತ್ತವೆ. ಎರಡರಲ್ಲಿ ಯಾವ ಒಂದು ಕನ್ನಡಿಯೂ ತಾನಾಗಿ ಲಂಬವನ್ನು ಕೊಡುವುದಿಲ್ಲ. ಎರಡನ್ನೂ ಒಂದರ ಮೇಲೊಂದು ಬಳಸಿದರೆ ಮಾತ್ರ, 45 ಡಿಗ್ರಿ ಅಂತರದಲ್ಲಿರುವ ಎರಡು ಕನ್ನಡಿಗಳು ಕೂಡಿ ಅದರ ಎರಡರಷ್ಟು, ಅಂದರೆ ಸರಿಯಾಗಿ 90 ಡಿಗ್ರಿ, ತಿರುವನ್ನು ಕೊಡುತ್ತವೆ. ‘ತಲೆಕೆಳಗು ಮಾಡಿ ಚಿಹ್ನೆ ಬದಲಿಸು’ ಎಂದು ನಾವು ಮಕ್ಕಳಿಂದ ಉರು ಹೊಡೆಸುವ ಸೂತ್ರದಲ್ಲಿ ಎರಡು ಕೆಲಸಗಳಿರುವುದು ಈ ಕಾರಣದಿಂದ. ಒಂದನ್ನು ಬಿಟ್ಟರೂ ನಮ್ಮ ಕೈಗೆ ಬರುವುದು ತಿರುವಲ್ಲ, ಪ್ರತಿಬಿಂಬ.

ಈ ತಪ್ಪು ಮಕ್ಕಳ ತಲೆಯಲ್ಲಿ ಹೇಗೆ ಕೂರುತ್ತದೆ ಎಂಬುದಕ್ಕೆ ನಾವು ಕಲಿಸುವವರೇ ಎಷ್ಟೋ ಸಲ ಕಾರಣರಾಗಿರುತ್ತೇವೆ. ಸುಲಭವಾಗಲಿ ಎಂದು ಮೊದಲ ಉದಾಹರಣೆಗೆ ಯ = ಕ್ಷ ಎಂಬ ರೇಖೆಯನ್ನು ತೆಗೆದುಕೊಂಡು, ಅದಕ್ಕೆ ಯ = −ಕ್ಷ ಎಂಬುದು ಲಂಬ ಎಂದು ತೋರಿಸುತ್ತೇವೆ. ಅಲ್ಲಿ ಇಳಿಜಾರು 1; ಒಂದನ್ನು ತಲೆಕೆಳಗು ಮಾಡಿದರೂ ಒಂದೇ. ಆದ್ದರಿಂದ ಎರಡು ಕೆಲಸಗಳಲ್ಲಿ ಒಂದು ನಡೆದದ್ದೇ ಕಣ್ಣಿಗೆ ಬೀಳುವುದಿಲ್ಲ, ಚಿಹ್ನೆ ಬದಲಾದದ್ದು ಮಾತ್ರ ಕಾಣುತ್ತದೆ, ಮಗು ಅದನ್ನೇ ನಿಯಮವೆಂದು ಹಿಡಿದುಕೊಳ್ಳುತ್ತದೆ. ಇಳಿಜಾರು 1 ಅಥವಾ −1 ಆಗಿರುವ ರೇಖೆಗಳನ್ನು ಬಿಟ್ಟು ಬೇರೆಲ್ಲಿಯೂ ಕೈಕೊಡುವ ಈ ನಿಯಮಕ್ಕೆ ನಾವು ಮೊದಲ ದಿನವೇ ಬೀಜ ಹಾಕಿರುತ್ತೇವೆ. ಇದನ್ನು ಅರಿತ ಮೇಲೆ ನಾನು ನನ್ನ ಮೊದಲ ಉದಾಹರಣೆಯನ್ನು ಯಾವಾಗಲೂ ಮೂರು ಮನೆ ಅಡ್ಡ, ಎರಡು ಮನೆ ಮೇಲೆ ಎಂಬ ರೇಖೆಯಿಂದಲೇ ಆರಂಭಿಸಿದೆ.

ಪದದಲ್ಲಿಯೂ ಒಂದು ಎಡರಿದೆ. ‘ಲಂಬ’ ಎಂಬುದು ತೂಗುವುದು, ಜೋಲುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಪರ್ಪೆಂಡಿಕ್ಯುಲರ್ ಎಂಬ ಪದದ ಮೂಲವಾದ ಲ್ಯಾಟಿನ್ ಪದಕ್ಕೂ ಗೋಡೆ ಕಟ್ಟುವವರು ಇಳಿಬಿಡುವ ತೂಗುಗುಂಡು ಎಂದೇ ಅರ್ಥ. ಎರಡು ದೂರದ ಭಾಷೆಗಳು ಒಂದೇ ದಾರವನ್ನು ನೋಡಿ ಒಂದೇ ಪದವನ್ನು ಕಟ್ಟಿಕೊಂಡದ್ದು ನನಗೆ ಬಹಳ ಪ್ರಿಯವಾದ ಸಂಗತಿ. ಆದರೆ ತೂಗುಗುಂಡು ಯಾವಾಗಲೂ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆಯಾದ್ದರಿಂದ, ಲಂಬ ಎಂದರೆ ನೆಟ್ಟನೆಯ ಗೆರೆ ಎಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. ಓರೆಯಾದ ಗೆರೆಗೆ ಲಂಬ ಎಳೆ ಎಂದರೆ, ಹಾಳೆಯ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಗೆರೆ ಎಳೆದುಬಿಡುವ ಮಕ್ಕಳನ್ನು ನಾನು ನೋಡಿದ್ದೇನೆ. ಲಂಬ ಎಂಬುದು ಒಂದು ಗೆರೆಯ ಗುಣವಲ್ಲ, ಎರಡು ಗೆರೆಗಳ ನಡುವಿನ ಸಂಬಂಧ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು.

ಹಳೆಯ ಲಗ್ನಪತ್ರಿಕೆಯೊಂದರ ದಪ್ಪ ಹಾಳೆಯಿಂದ, ತಳ ಮೂರು ಮನೆ, ಎತ್ತರ ಎರಡು ಮನೆ ಇರುವ ಲಂಬಕೋನ ತ್ರಿಭುಜವೊಂದನ್ನು ಅವಳಿಂದಲೇ ಕತ್ತರಿಸಿದೆ. ಅದರ ಓರೆ ಬಾಹುವನ್ನು ಕೊಟ್ಟ ರೇಖೆಯ ಮೇಲೆ ಇರಿಸಿ, ಎಡಗಡೆಯ ತುದಿಗೆ ಗುಂಡುಸೂಜಿ ಚುಚ್ಚಿ, ತ್ರಿಭುಜವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಲು ಹೇಳಿದೆ. ಮಲಗಿದ್ದ ಮೂರು ಮನೆಯ ತಳ ಎದ್ದು ನಿಂತಿತು. ನಿಂತಿದ್ದ ಎರಡು ಮನೆಯ ಎತ್ತರ ಎಡಕ್ಕೆ ಮಲಗಿತು. ಬಲಕ್ಕೆ ಮೂರು, ಮೇಲಕ್ಕೆ ಎರಡು ಎಂದಿದ್ದದ್ದು ಈಗ ಎಡಕ್ಕೆ ಎರಡು, ಮೇಲಕ್ಕೆ ಮೂರು ಎಂದಾಯಿತು. ಅಳತೆಗಳು ಜಾಗ ಬದಲಿಸಿಕೊಂಡದ್ದು ಎದ್ದು ಮಲಗಿದ್ದರಿಂದ, ಋಣ ಚಿಹ್ನೆ ಬಂದದ್ದು ಒಂದು ಅಳತೆ ಎಡಕ್ಕೆ ತಿರುಗಿದ್ದರಿಂದ. ಅವಳು (4, −1) ರಿಂದ ಹೊರಟು ಎಡಕ್ಕೆ ಎರಡು, ಮೇಲಕ್ಕೆ ಮೂರು ಎಂದು ಎಣಿಸುತ್ತ (2, 2), (0, 5) ಎಂದು ಚುಕ್ಕಿ ಇಟ್ಟು ಗೆರೆ ಎಳೆದಳು. ಈ ಸಲ ಸೆಟ್ ಸ್ಕ್ವೇರಿನ ಮೂಲೆ ಸರಿಯಾಗಿ ಕೂತಿತು. ಇಳಿಜಾರು −3/2, ಆದ್ದರಿಂದ ಯ + 1 = −3/2 (ಕ್ಷ − 4), ಅದನ್ನು ಬಿಡಿಸಿದರೆ 3ಕ್ಷ + 2ಯ − 10 = 0. ಪರೀಕ್ಷೆಯ ಉತ್ತರ ಇಷ್ಟೇ.

ಪಠ್ಯಪುಸ್ತಕದಲ್ಲಿ ಇದಕ್ಕೆ ಕೊಡುವ ಸಾಧನೆ ಕೋನಗಳ ಮೂಲಕ ಹೋಗುತ್ತದೆ: ಒಂದು ರೇಖೆಯ ಓರೆಯ ಕೋನಕ್ಕೆ 90 ಡಿಗ್ರಿ ಕೂಡಿಸಿ, ಅದರ ಟ್ಯಾಂಜೆಂಟ್ ಮೊದಲಿನದರ ಕೋಟ್ಯಾಂಜೆಂಟಿನ ಋಣ ಎಂಬುದನ್ನು ಬಳಸಿ, ಇಳಿಜಾರುಗಳ ಗುಣಲಬ್ಧ −1 ಎಂದು ತೋರಿಸುತ್ತಾರೆ. ಅದು ಸರಿಯಾದ ಸಾಧನೆಯೇ. ಆದರೆ ತ್ರಿಕೋನಮಿತಿ ಇನ್ನೂ ಕೈಗೆ ಹತ್ತದ ಮಗುವಿಗೆ ಒಂದು ಸೂತ್ರವನ್ನು ನಂಬಿಸಲು ಇನ್ನೊಂದು ಸೂತ್ರವನ್ನು ಸಾಕ್ಷಿಗೆ ಕರೆದಂತೆ ಆಗುತ್ತದೆ. ನನಗೆ ಇದಕ್ಕಿಂತ ನಮ್ಮ ಮನೆಯ ಪಾಯ ತೆಗೆದ ದಿನ ಮೇಸ್ತ್ರಿಯವರು ಮಾಡಿದ ಸಾಧನೆ ಹೆಚ್ಚು ಹಿಡಿಸುತ್ತದೆ. ಅವರು ರಸ್ತೆಯ ಕಡೆಗೆ ಒಂದು ದಾರ ಬಿಗಿದು, ಮೂಲೆಯ ಗೂಟದಿಂದ ಅದರ ಮೇಲೆ 6 ಅಡಿಗೆ ಒಂದು ಗುರುತು ಹಾಕಿದರು. ಅದೇ ಗೂಟದಿಂದ ಪಕ್ಕದ ದಾರದ ಮೇಲೆ 8 ಅಡಿಗೆ ಇನ್ನೊಂದು ಗುರುತು. ಎರಡು ಗುರುತುಗಳ ನಡುವೆ ಟೇಪು ಹಿಡಿದು, ಸರಿಯಾಗಿ 10 ಅಡಿ ಬರುವ ತನಕ ಪಕ್ಕದ ದಾರದ ತುದಿಯನ್ನು ಹುಡುಗನೊಬ್ಬನಿಂದ ಬೆರಳಿನಷ್ಟು ಆಚೆ, ಬೆರಳಿನಷ್ಟು ಈಚೆ ಸರಿಸುತ್ತಲೇ ಇದ್ದರು. ಹತ್ತು ಅಡಿ ಬಂದ ಕೂಡಲೇ “ಮೂಲೆ ಕೂತ್ಕೊಂತು ಮೇಡಂ” ಎಂದು ಹೇಳಿ ಸುಣ್ಣದ ಪುಡಿ ಉದುರಿಸಿದರು.

ಮೇಸ್ತ್ರಿಯವರು ದಾರದಲ್ಲಿ ಮಾಡಿದ್ದನ್ನೇ ಅಕ್ಷರದಲ್ಲಿ ಮಾಡಬಹುದು. ಮೂಲಬಿಂದುವಿನ ಮೂಲಕ ಎರಡು ರೇಖೆಗಳನ್ನು ಎಳೆಯೋಣ. ಒಂದರ ಇಳಿಜಾರು ಮ, ಇನ್ನೊಂದರದು ನ. ಅಡ್ಡಕ್ಕೆ ಒಂದು ಮನೆ ಸರಿದರೆ ಮೊದಲನೆಯದರ ಮೇಲೆ (1, ಮ), ಎರಡನೆಯದರ ಮೇಲೆ (1, ನ) ಎಂಬ ಗುರುತುಗಳು ಸಿಗುತ್ತವೆ. ಮೂಲೆಯಿಂದ ಇವುಗಳ ದೂರದ ವರ್ಗಗಳು 1 + ಮ² ಮತ್ತು 1 + ನ². ಗುರುತುಗಳ ನಡುವಿನ ದೂರದ ವರ್ಗ (ಮ − ನ)². ಮೂಲೆ ಕೂರಬೇಕಾದರೆ ಮೊದಲ ಎರಡರ ಮೊತ್ತ ಮೂರನೆಯದಕ್ಕೆ ಸಮವಾಗಬೇಕು. ಅಂದರೆ 2 + ಮ² + ನ² ಎಂಬುದು ಮ² − 2ಮನ + ನ² ಗೆ ಸಮ. ವರ್ಗಗಳು ಎರಡೂ ಕಡೆ ಹೊಡೆದುಹೋಗಿ ಉಳಿಯುವುದು ಮನ = −1. ಪೈಥಾಗೊರಸ್ ಪ್ರಮೇಯ ಮತ್ತು ಅದರ ವಿಲೋಮ ಎರಡೂ ನಿಜವಾದ್ದರಿಂದ ಈ ಹಾದಿಯಲ್ಲಿ ಹಿಂದಕ್ಕೂ ನಡೆಯಬಹುದು: ಗುಣಲಬ್ಧ −1 ಆದರೆ ಮೂಲೆ ಕೂತೇ ಕೂರುತ್ತದೆ. ಹತ್ತನೆಯ ತರಗತಿಯ ದೂರದ ಸೂತ್ರಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಿಂದೊಮ್ಮೆ ನನ್ನ ತರಗತಿಯ ಹುಡುಗನೊಬ್ಬ ಸಮೀಕರಣವನ್ನು ಸರಿಯಾಗಿ ಬರೆದು, ಗ್ರಾಫಿನಲ್ಲಿ ಎಳೆದು ನೋಡಿ, ಗೆರೆಗಳು ಲಂಬವಾಗಿ ಕಾಣದ ಕಾರಣ ಸರಿಯುತ್ತರವನ್ನೇ ಹೊಡೆದುಹಾಕಿದ್ದ. ಮೂರು ಸಲ ಅಳಿಸಿ ಬರೆದ ಗುರುತು ಹಾಳೆಯಲ್ಲಿ ಉಳಿದಿತ್ತು. ಆಗಿದ್ದೇನೆಂದರೆ, ಅಡ್ಡ ಅಕ್ಷದಲ್ಲಿ 1 ಸೆಂಟಿಮೀಟರಿಗೆ 1 ಮಾನ, ನೆಟ್ಟನೆಯ ಅಕ್ಷದಲ್ಲಿ 1 ಸೆಂಟಿಮೀಟರಿಗೆ 2 ಮಾನ ಎಂದು ಅವನು ಪ್ರಮಾಣ ಇಟ್ಟುಕೊಂಡಿದ್ದ. ಹಾಗೆ ಮಾಡಿದಾಗ ಹಾಳೆಯ ಮೇಲೆ ಪ್ರತಿ ರೇಖೆಯ ಓರೆಯೂ ಅರ್ಧವಾಗುತ್ತದೆ, ಗುಣಲಬ್ಧ −1 ಇರಬೇಕಾದ ಕಡೆ −1/4 ಆಗುತ್ತದೆ, ಕೋನ ಹಿಗ್ಗಿಯೋ ಕುಗ್ಗಿಯೋ ಕಾಣುತ್ತದೆ. ಎರಡೂ ಅಕ್ಷಗಳಲ್ಲಿ ಒಂದೇ ಪ್ರಮಾಣವಿದ್ದರೆ ಮಾತ್ರ ಕಣ್ಣಿನ ಸಾಕ್ಷಿಯನ್ನು ನಂಬಬಹುದು. ತನ್ನ ಲೆಕ್ಕವನ್ನು ಚಿತ್ರದ ಜೊತೆ ಹೋಲಿಸಿ ನೋಡುವ ಒಳ್ಳೆಯ ಅಭ್ಯಾಸವಿದ್ದ ಹುಡುಗನಿಗೇ ಅಂದು ಅಂಕ ಹೋದದ್ದು ನನಗೆ ಇವತ್ತಿಗೂ ಬೇಸರದ ಸಂಗತಿ.

ಇಳಿಜಾರಿನ ಹಾದಿಗೆ ಇನ್ನೊಂದು ತೊಂದರೆಯಿದೆ. ಕ್ಷ = 5 ಎಂಬ ನೆಟ್ಟನೆಯ ರೇಖೆಗೆ ಇಳಿಜಾರೇ ಇಲ್ಲ, ಏಕೆಂದರೆ ಅದರ ಮೇಲೆ ಅಡ್ಡ ನಡೆ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದು. ಮಲಗಿದ ರೇಖೆಯೂ ನಿಂತ ರೇಖೆಯೂ ಒಂದಕ್ಕೊಂದು ಲಂಬ ಎಂಬುದು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಕಾಣುವ ಸಂಗತಿ. ಗುಣಲಬ್ಧ −1 ಎಂಬ ಸೂತ್ರ ಅಲ್ಲಿಯೇ ಕೆಲಸ ಮಾಡುವುದಿಲ್ಲ. ಆದ್ದರಿಂದ ಇಳಿಜಾರನ್ನು ಬಿಟ್ಟು ಸಮೀಕರಣದ ಸಹಗುಣಕಗಳನ್ನೇ, ಅಂದರೆ ಕ್ಷ ಮತ್ತು ಯ ಅಕ್ಷರಗಳ ಮುಂದಿರುವ ಸಂಖ್ಯೆಗಳನ್ನೇ, ನೋಡುವುದು ಲೇಸು ಎಂದು ನಾನು ನಂಬಿದ್ದೇನೆ. 2ಕ್ಷ − 3ಯ = −6 ಎಂಬುದರಲ್ಲಿ ಬಲಕ್ಕೆ ಮೂರು, ಮೇಲಕ್ಕೆ ಎರಡು ನಡೆದರೆ ಎಡಬದಿಯ ಬೆಲೆ 2 × 3 − 3 × 2, ಅಂದರೆ ಸೊನ್ನೆಯಷ್ಟು ಬದಲಾಗುತ್ತದೆ; ನಾವು ರೇಖೆಯ ಮೇಲೆಯೇ ಇರುತ್ತೇವೆ. ಇನ್ನು 2, −3 ಎಂಬ ಸಹಗುಣಕಗಳನ್ನೇ ನಡೆಯೆಂದು ಓದಿ, ಬಲಕ್ಕೆ ಎರಡು, ಕೆಳಕ್ಕೆ ಮೂರು ಹೋದರೆ ಅದು ಲಗ್ನಪತ್ರಿಕೆಯ ತ್ರಿಭುಜ ತೋರಿಸಿದ ಲಂಬದ ದಿಕ್ಕೇ ಆಗಿರುತ್ತದೆ. ಯಾವುದೇ ರೇಖೆಯ ಸಮೀಕರಣ ತನ್ನ ಲಂಬದ ದಿಕ್ಕನ್ನು ತನ್ನ ಸಹಗುಣಕಗಳಲ್ಲಿಯೇ ಇಟ್ಟುಕೊಂಡಿರುತ್ತದೆ. ಆ ದಿಕ್ಕಿನಲ್ಲಿ ನಡೆದಾಗ ಬೆಲೆ ಬದಲಾಗದ ಜೋಡಿ 3ಕ್ಷ + 2ಯ; ಅದರಲ್ಲಿ (4, −1) ಇಟ್ಟರೆ 12 − 2 = 10. ಉತ್ತರ 3ಕ್ಷ + 2ಯ = 10. ಭಿನ್ನರಾಶಿ ಇಲ್ಲ, ತಲೆಕೆಳಗು ಮಾಡುವುದಿಲ್ಲ, ನೆಟ್ಟನೆಯ ರೇಖೆಗೆ ವಿನಾಯಿತಿಯೂ ಬೇಕಿಲ್ಲ. ಸಹಗುಣಕಗಳನ್ನು ಅದಲುಬದಲು ಮಾಡಿ, ಒಂದರ ಚಿಹ್ನೆ ಬದಲಿಸಿ, ಬಿಂದುವನ್ನು ಇಟ್ಟು ಬಲಬದಿಯ ಸಂಖ್ಯೆಯನ್ನು ಕಂಡುಕೊಳ್ಳಬೇಕು, ಅಷ್ಟೆ.

ಸಹಗುಣಕಗಳಿಗೂ ಲಂಬದ ದಿಕ್ಕಿಗೂ ಈ ನಂಟು ಹೇಗೆ ಬಂತು ಎಂಬುದನ್ನು ಅರಿಯಲು ಅತಿ ಹಳೆಯ ಒಂದು ಹಗ್ಗದ ಕೆಲಸವನ್ನು ನೋಡಬಹುದು. ಕಾತ್ಯಾಯನರ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ದಿಕ್ಕು ಹಿಡಿಯುವ ಕ್ರಮವಿದೆ. ಸಮತಟ್ಟಾದ ನೆಲದಲ್ಲಿ ಶಂಕುವನ್ನು, ಅಂದರೆ ನೆರಳು ನೋಡುವ ಕೋಲನ್ನು, ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ವೃತ್ತವೊಂದನ್ನು ಎಳೆದು, ಶಂಕುವಿನ ನೆರಳಿನ ತುದಿ ಬೆಳಿಗ್ಗೆಯೂ ಮಧ್ಯಾಹ್ನದ ಮೇಲೆಯೂ ವೃತ್ತವನ್ನು ಮುಟ್ಟುವ ಎರಡು ಕಡೆ ಗೂಟ ಹೊಡೆದರೆ, ಅವುಗಳ ನಡುವಿನ ಗೆರೆ ಪೂರ್ವ ಪಶ್ಚಿಮ. ಬಳಿಕ ಹಗ್ಗದ ಎರಡು ತುದಿಗಳನ್ನು ಆ ಗೂಟಗಳಿಗೆ ಕಟ್ಟಿ, ಹಗ್ಗದ ನಡುವನ್ನು ಹಿಡಿದು ಒಮ್ಮೆ ಒಂದು ಬದಿಗೆ, ಇನ್ನೊಮ್ಮೆ ಇನ್ನೊಂದು ಬದಿಗೆ ಬಿಗಿಯಾಗಿ ಎಳೆದು ಗುರುತು ಮಾಡಿದರೆ, ಆ ಗುರುತುಗಳನ್ನು ಸೇರಿಸುವ ಗೆರೆ ಉತ್ತರ ದಕ್ಷಿಣ. ಹಗ್ಗದ ನಡು ಎರಡೂ ಗೂಟಗಳಿಂದ ಸಮದೂರದಲ್ಲಿರುತ್ತದೆ. ಲಂಬ ಹುಟ್ಟುವುದು ಆ ಸಮದೂರದಿಂದ.

ಇದನ್ನೇ ಸಮೀಕರಣವಾಗಿ ಬರೆಯೋಣ. ಗೂಟಗಳು (1, 2) ಮತ್ತು (5, 4) ರಲ್ಲಿವೆ ಎಂದುಕೊಂಡರೆ, ಹಗ್ಗದ ನಡುವು ಇರುವ ಬಿಂದುವಿನಿಂದ ಎರಡಕ್ಕೂ ದೂರದ ವರ್ಗಗಳು ಸಮ: (ಕ್ಷ − 1)² + (ಯ − 2)² = (ಕ್ಷ − 5)² + (ಯ − 4)². ಬಿಡಿಸಿದಾಗ ಕ್ಷ² ಮತ್ತು ಯ² ಎರಡೂ ಕಡೆಯಿಂದ ಮಾಯವಾಗಿ, 8ಕ್ಷ + 4ಯ = 36, ಅಂದರೆ 2ಕ್ಷ + ಯ = 9 ಎಂದು ಉಳಿಯುತ್ತದೆ. ಒಂದು ಗೂಟದಿಂದ ಇನ್ನೊಂದಕ್ಕೆ ಹೋಗಲು ಬಲಕ್ಕೆ ನಾಲ್ಕು, ಮೇಲಕ್ಕೆ ಎರಡು ನಡೆಯಬೇಕು. ಸಹಗುಣಕಗಳಾದ 2 ಮತ್ತು 1 ಅದರದೇ ಅರ್ಧ. ಗೂಟದಿಂದ ಗೂಟಕ್ಕೆ ಇರುವ ನಡೆಯೇ ಲಂಬರೇಖೆಯ ಸಹಗುಣಕಗಳಾಗಿ ಬಂದು ಕೂತಿದೆ. ವರ್ಗಗಳೆಲ್ಲ ಹೊಡೆದುಹೋಗಿ ಸರಳರೇಖೆಯೊಂದು ಉಳಿಯುವ ಈ ಗಳಿಗೆಯನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದರೂ ನನಗೆ ಸಂತೋಷ ಕಡಿಮೆಯಾಗಿಲ್ಲ.

ಜ್ಯಾಮಿತಿಯನ್ನು ಹೀಗೆ ಸಮೀಕರಣಗಳಲ್ಲಿ ಬರೆಯುವ ಪದ್ಧತಿಯನ್ನು 1637ರಲ್ಲಿ ಪ್ರಕಟಿಸಿದ ರೆನೆ ಡೆಕಾರ್ಟ್, ವಕ್ರರೇಖೆಯ ಒಂದು ಬಿಂದುವಿನಲ್ಲಿ ಅದಕ್ಕೆ ಲಂಬ ಎಳೆಯುವ ಸಮಸ್ಯೆಯನ್ನು, ತಾನು ಜ್ಯಾಮಿತಿಯಲ್ಲಿ ಅರಿಯಲು ಬಯಸಿದ ಅತ್ಯಂತ ಉಪಯುಕ್ತವೂ ವ್ಯಾಪಕವೂ ಆದ ಸಮಸ್ಯೆ ಎಂದೇ ಭಾವಿಸಿದ್ದನು. ನಮ್ಮ ಕಡೆ ಲಂಬದ ಲೆಕ್ಕ ತ್ರಿಭುಜದಲ್ಲಿ ಬೆಳೆಯಿತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ, ಲಂಬವು ತಳವನ್ನು ಒಡೆಯುವ ಎರಡು ತುಂಡುಗಳನ್ನೂ ಲಂಬದ ಉದ್ದವನ್ನೂ ಕಾಣುವ ನಿಯಮವಿದೆ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಇದಕ್ಕೆ ಕೊಟ್ಟಿರುವ ಉದಾಹರಣೆಯ ತ್ರಿಭುಜದ ತಳ 14, ಉಳಿದ ಬಾಹುಗಳು 13 ಮತ್ತು 15. ಬಾಹುಗಳ ಮೊತ್ತ 28ನ್ನು ಅವುಗಳ ವ್ಯತ್ಯಾಸ 2ರಿಂದ ಗುಣಿಸಿ, ತಳ 14ರಿಂದ ಭಾಗಿಸಿದರೆ 4. ಅದನ್ನು 14ರಿಂದ ಕಳೆದು ಅರ್ಧ ಮಾಡಿದರೆ 5, 14ಕ್ಕೆ ಕೂಡಿ ಅರ್ಧ ಮಾಡಿದರೆ 9. ತಳದ ಈ ಎರಡು ತುಂಡುಗಳೇ ಆಬಾಧೆಗಳು. 13ರ ವರ್ಗದಲ್ಲಿ 5ರ ವರ್ಗವನ್ನು ಕಳೆದು ಮೂಲ ತೆಗೆದರೆ ಲಂಬ 12.

ಈ ತ್ರಿಭುಜವನ್ನೇ ಅಂದು ಸಂಜೆ ಅವಳ ಮುಂದಿಟ್ಟೆ. ತಳದ ತುದಿಗಳು (0, 0) ಮತ್ತು (14, 0), ಮೇಲಿನ ಶೃಂಗ (5, 12). ಮೂರು ಶೃಂಗಗಳಿಂದಲೂ ಎದುರಿನ ಬಾಹುವಿಗೆ ಲಂಬ ಎಳೆದು ಮೂರರ ಸಮೀಕರಣಗಳನ್ನೂ ಬರೆ ಎಂದೆ, ಇಳಿಜಾರು ಎಂಬ ಪದವನ್ನೇ ಬಳಸಬಾರದೆಂದೂ ಹೇಳಿದೆ. ಮೊದಲನೆಯದಕ್ಕೆ ಅವಳಿಗೆ ಕಷ್ಟವಾಗಲಿಲ್ಲ. ತಳದ ನಡೆ ಬಲಕ್ಕೆ 14, ಮೇಲಕ್ಕೆ 0; ಆ ಸಂಖ್ಯೆಗಳೇ ಲಂಬದ ಸಹಗುಣಕಗಳು; (5, 12) ಇಟ್ಟರೆ 14ಕ್ಷ = 70. ನೆಟ್ಟನೆಯ ರೇಖೆಯಾದರೂ ಎಲ್ಲಿಯೂ ಎಡವಲಿಲ್ಲ. ಬಲಗಡೆಯ ಬಾಹುವಿನ ನಡೆ ಮೇಲಿನ ಶೃಂಗದಿಂದ ಬಲಕ್ಕೆ 9, ಕೆಳಕ್ಕೆ 12; ಅದಕ್ಕೆ ಮೂಲಬಿಂದುವಿನಿಂದ ಎಳೆದ ಲಂಬ 9ಕ್ಷ − 12ಯ = 0. ಎಡಗಡೆಯ ಬಾಹುವಿನ ನಡೆ ಬಲಕ್ಕೆ 5, ಮೇಲಕ್ಕೆ 12; ಅದಕ್ಕೆ (14, 0) ರಿಂದ ಎಳೆದ ಲಂಬ 5ಕ್ಷ + 12ಯ = 70.

ಎರಡನೆಯ ಲಂಬದ ಉದ್ದವನ್ನು ಎರಡು ಹಾದಿಯಲ್ಲಿ ತಾಳೆ ನೋಡಿದೆವು. ಬಲಗಡೆಯ ಬಾಹುವಿನ ಸಮೀಕರಣ 4ಕ್ಷ + 3ಯ = 56; ಮೂಲಬಿಂದುವಿನಿಂದ ಅದಕ್ಕಿರುವ ದೂರ 56ನ್ನು 4 ಮತ್ತು 3ರ ವರ್ಗಗಳ ಮೊತ್ತದ ಮೂಲವಾದ 5ರಿಂದ ಭಾಗಿಸಿದಷ್ಟು, ಅಂದರೆ 11.2. ತ್ರಿಭುಜದ ವಿಸ್ತೀರ್ಣ 14 ಮತ್ತು 12ರ ಗುಣಲಬ್ಧದ ಅರ್ಧ, 84. ಅದರ ಎರಡರಷ್ಟನ್ನು 15ರಿಂದ ಭಾಗಿಸಿದರೂ 11.2. ಭಾಗಕಾರದಲ್ಲಿ ಆ 5 ಏಕೆ ಬರುತ್ತದೆ ಎಂಬುದೂ ಈಗ ಸ್ಪಷ್ಟ: 4 ಮತ್ತು 3 ಲಂಬದ ದಿಕ್ಕಿನ ಒಂದು ಹೆಜ್ಜೆಯಾದರೆ, ಆ ಹೆಜ್ಜೆಯ ಉದ್ದ 5.

ಗ್ರಾಫ್ ಹಾಳೆಯ ಮೇಲೆ ಮೂರು ಲಂಬಗಳನ್ನೂ ಎಳೆದಾಗ ಮೂರೂ ಒಂದೇ ಕಡೆ, ಅಡ್ಡಕ್ಕೆ ಐದು, ಮೇಲಕ್ಕೆ ಮೂರೂಮುಕ್ಕಾಲು ಮನೆಯಲ್ಲಿ ಸೇರಿದವು. ಎರಡು ಗೆರೆಗಳು ಎಲ್ಲಿಯೋ ಸೇರುವುದು ಸಹಜ, ಮೂರನೆಯದೂ ಸರಿಯಾಗಿ ಅಲ್ಲಿಗೇ ಹೇಗೆ ಬಂತು ಎಂದು ಅವಳು ಕೇಳಿದಳು. ನಾನು ಉತ್ತರ ಹೇಳದೆ, ಎರಡನೆಯ ಮತ್ತು ಮೂರನೆಯ ಸಮೀಕರಣಗಳನ್ನು ಒಂದರ ಕೆಳಗೊಂದು ಬರೆದು ಕೂಡು ಎಂದೆ. ಅವಳು 9ಕ್ಷ − 12ಯ = 0 ಎಂದು ಬರೆದು, ಅದರ ಕೆಳಗೆ 5ಕ್ಷ + 12ಯ = 70 ಎಂದು ಬರೆದು, ಅಡಿಯಲ್ಲಿ ಗೆರೆ ಎಳೆದು ಕೂಡಿದಳು. ಹನ್ನೆರಡುಗಳು ಹೊಡೆದುಹೋದವು. ಗೆರೆಯ ಕೆಳಗೆ 14ಕ್ಷ = 70 ಎಂದು ಬರೆಯುವಷ್ಟರಲ್ಲಿ ಅವಳ ಪೆನ್ಸಿಲು ನಿಂತಿತು; ತಲೆ ಎತ್ತಿ ಒಮ್ಮೆ ನನ್ನನ್ನೂ, ಹಾಳೆಯ ಮೇಲ್ಭಾಗದಲ್ಲಿ ತಾನೇ ಬರೆದಿದ್ದ ಮೊದಲನೆಯ ಲಂಬದ ಸಮೀಕರಣವನ್ನೂ ನೋಡಿದಳು.